ಕಾಲು ಕೆಳಗಿಡಿ, ಪ್ಲೀಸ್!

ಫ್ಯಾಷನ್ ವೀಕಿನ ಒಂದು ಶೋ ಹೆಚ್ಚೆಂದರೆ ಹದಿನೈದು ನಿಮಿಷದ ಬಾಬತ್ತು. ಅದು ಶುರುವಾಗಲಿ ಎಂದು ಕಾಯುವುದು ಮಾತ್ರ ಒಂದು ಗಂಟೆ. ಕೊನೆಗೆ ಬರಬೇಕಾದವರು ಸಿನಿಮಾ ತಾರೆಯಾಗಿದ್ದರೆ ಇನ್ನರ್ಧ ಗಂಟೆ ಸೇರಿಸಿಕೊಳ್ಳಿ. ಇದರಲ್ಲಿ ಪ್ರದರ್ಶನ ಯಾವುದು, ಮಧ್ಯಂತರ ಯಾವುದು ಎಂದು ತಿಳಿಯಲು ಗಣಿತವೇನೂ ಬೇಕಾಗಿಲ್ಲ. ಬಟ್ಟೆ ರ‍್ಯಾಂಪಿನ ಮೇಲೆ ನಡೆದು ಹೋಗುತ್ತದೆ. ಶೋ ನಡೆಯುವುದು ಕುರ್ಚಿಗಳ ಮೇಲೆ.

ಕುರ್ಚಿ ಹಂಚುವುದಕ್ಕೆಂದೇ ಒಂದು ಪಿಆರ್ ಕಂಪನಿ ಇರುತ್ತದೆ. ಮೊದಲ ಸಾಲಿಗೆ ತಾರೆಯರು, ತಾರೆಯರ ತಾಯಂದಿರು, ದೊಡ್ಡ ಅಂಗಡಿಗಳಿಗೆ ಸಗಟು ಖರೀದಿ ಮಾಡುವವರು, ಮತ್ತು ಇನ್‌ಸ್ಟಾಗ್ರಾಮಿನಲ್ಲಿ ಲಕ್ಷಗಟ್ಟಲೆ ಹಿಂಬಾಲಕರಿರುವ, ಇನ್ನೂ ಮೀಸೆ ಸರಿಯಾಗಿ ಬಾರದ ಹುಡುಗರು. ಎರಡನೆಯ ಸಾಲಿಗೆ, ತಾವು ಮೊದಲ ಸಾಲಿನಲ್ಲಿರಬೇಕಾಗಿತ್ತು ಎಂದು ನಂಬಿದವರು. ಮೂರನೆಯದು ಪತ್ರಕರ್ತರಿಗೆ. ಅದರ ಹಿಂದೆ ಗೋಡೆಗೆ ಒತ್ತಿ ಫ್ಯಾಷನ್ ಕಾಲೇಜಿನ ಮಕ್ಕಳು. ಇಡೀ ಸಭಾಂಗಣದಲ್ಲಿ ಸೂಜಿಗೆ ದಾರ ಪೋಣಿಸಲು ಬರುವವರು ಇದ್ದರೆ ಅವರೇ. ಅವರು ನಿಂತಿರುತ್ತಾರೆ.

ಇದನ್ನು ಕಂಡು ಬೆರಗಾಗುವ ಜನ ನಾವಲ್ಲ. ಯಾರ ಎಲೆ ಒಳಗಿನ ಪಂಕ್ತಿಯಲ್ಲಿ, ಯಾರದು ಹೊರಜಗಲಿಯಲ್ಲಿ, ಗೋಡಂಬಿ ಇರುವ ಪಾಯಸ ಯಾವ ಸಾಲಿಗೆ, ಗೋಡಂಬಿ ಮುಗಿದ ಮೇಲಿನ ಪಾಯಸ ಯಾವ ಸಾಲಿಗೆ ಎಂಬುದನ್ನು ಕ್ಯೂಆರ್ ಕೋಡಿನ ಸಹಾಯವಿಲ್ಲದೆ ಶತಮಾನಗಳಿಂದ ನಿಭಾಯಿಸಿಕೊಂಡು ಬಂದವರು ನಾವು. ನಮ್ಮಲ್ಲಿ ಅದನ್ನು ಪಂಕ್ತಿಭೇದ ಎಂದು ಕರೆದು ಆಗೀಗ ಧರಣಿ ಮಾಡುವವರಾದರೂ ಇದ್ದಾರೆ. ಫ್ಯಾಷನ್ ವೀಕಿನಲ್ಲಿ ಅದಕ್ಕೆ ‘ಫ್ರಂಟ್ ರೋ’ ಎಂದು ಹೆಸರು. ಯಾರೂ ಧರಣಿ ಮಾಡುವುದಿಲ್ಲ. ಎಲ್ಲರೂ ಪಾಸಿಗಾಗಿ ಫೋನು ಮಾಡುತ್ತಾರೆ.

ಇದಕ್ಕೊಂದು ವಂಶಾವಳಿಯೂ ಇದೆ. ಚಾರ್ಲ್ಸ್ ಫ್ರೆಡರಿಕ್ ವರ್ತ್ ಎಂಬ ಇಂಗ್ಲೆಂಡಿನ ಮಹಾರಾಯ 1858ರಲ್ಲಿ ಪ್ಯಾರಿಸ್ಸಿನಲ್ಲಿ ಅಂಗಡಿ ತೆರೆದು, ಉಡುಪನ್ನು ಗೊಂಬೆಗೆ ತೊಡಿಸುವ ಬದಲು ಜೀವಂತ ಹೆಣ್ಣುಮಕ್ಕಳಿಗೆ ತೊಡಿಸಿ ಗಿರಾಕಿಗಳ ಮುಂದೆ ಓಡಾಡಿಸಿದ. ಅವನ ಮೊದಮೊದಲ ಮಾಡೆಲ್ ಅವನ ಹೆಂಡತಿಯೇ ಆದ್ದರಿಂದ ಸಂಬಳದ ತಕರಾರು ಬರಲಿಲ್ಲ ಎಂದು ಕಾಣುತ್ತದೆ. ಆಮೇಲೆ ಲಂಡನ್ನಿನ ಲೂಸಿಲ್, ಅಂದರೆ ಲೇಡಿ ಡಫ್ ಗಾರ್ಡನ್, ಇದಕ್ಕೆ ಪರದೆ, ದೀಪ, ಸಂಗೀತ, ಆಮಂತ್ರಣ ಎಲ್ಲವನ್ನೂ ಸೇರಿಸಿದರು. ಗೌನುಗಳಿಗೆ ಕವನದ ಸಾಲಿನಂಥ ಹೆಸರಿಟ್ಟರು. ಇದೇ ಲೂಸಿಲ್ 1912ರಲ್ಲಿ ಟೈಟಾನಿಕ್ ಹಡಗಿನಲ್ಲಿದ್ದರು, ಬದುಕಿಕೊಂಡರು. ಅವರು ಹತ್ತಿದ ಒಂದನೇ ನಂಬರಿನ ದೋಣಿಯಲ್ಲಿ 40 ಜನಕ್ಕೆ ಜಾಗವಿತ್ತು. ಕೂತಿದ್ದವರು 12 ಮಂದಿ. ಫ್ರಂಟ್ ರೋ ಎಂದರೇನು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ನನಗೆ ಎಲ್ಲಿಯೂ ಸಿಕ್ಕಿಲ್ಲ.

ಇನ್ನು ಫ್ಯಾಷನ್ ವೀಕ್. ಎರಡನೆಯ ಮಹಾಯುದ್ಧದಲ್ಲಿ ಪ್ಯಾರಿಸ್ ಜರ್ಮನರ ಕೈಯಲ್ಲಿದ್ದಾಗ, ಅಲ್ಲಿಗೆ ಹೋಗಲಾಗದ ಪತ್ರಕರ್ತರಿಗೆಂದು 1943ರಲ್ಲಿ ಎಲಿನಾರ್ ಲ್ಯಾಂಬರ್ಟ್ ಅವರು ನ್ಯೂಯಾರ್ಕಿನಲ್ಲಿ ‘ಪ್ರೆಸ್ ವೀಕ್’ ಏರ್ಪಡಿಸಿದರು. ಈಗಿನ ವೀಕುಗಳ ಮೂಲ ಅದು. ಪತ್ರಕರ್ತರಿಗಾಗಿ ಹುಟ್ಟಿದ ಹಬ್ಬದಲ್ಲಿ ಪತ್ರಕರ್ತರು ಮೂರನೆಯ ಸಾಲಿಗೆ ಹೋದದ್ದು ಹೇಗೆ ಎಂದು ನನ್ನನ್ನು ಕೇಳಬೇಡಿ, ಹಿಂಬಾಲಕರ ಸಂಖ್ಯೆಯನ್ನು ಕೇಳಿ. ನಮ್ಮ ದೇಶಕ್ಕೆ ಈ ಹಬ್ಬ ಬಂದದ್ದು 2000ದಲ್ಲಿ, ಮೊದಲು ದೆಹಲಿಗೆ. ಈಗ ಯಾವ ಊರಿನಲ್ಲಿ ಇಲ್ಲ ಎಂದು ಹುಡುಕಬೇಕು.

ನಾನು ಹೋದದ್ದು ಮುಂಬೈಯ ಒಂದು ಶೋಗೆ. ಬಾಗಲಕೋಟೆಯ ನನ್ನ ತಂಗಿಯ ಮಗಳು ಅಲ್ಲಿ ಬಟ್ಟೆ ವಿನ್ಯಾಸ ಓದುತ್ತಾಳೆ. ಫ್ಯಾಷನ್ ವೀಕಿನಲ್ಲಿ ಬ್ಯಾಕ್‌ಸ್ಟೇಜಿನ ‘ಡ್ರೆಸ್ಸರ್’. ಎಂದರೆ ಮಾಡೆಲ್ ಒಳಗೆ ಓಡಿಬಂದ ಕೂಡಲೇ ಒಂದು ಉಡುಪು ಕಳಚಿ ಇನ್ನೊಂದು ತೊಡಿಸಿ ಹೊರಗೆ ತಳ್ಳುವವಳು. ಸಂಬಳ? ಅನುಭವ. ಮಧ್ಯಾಹ್ನಕ್ಕೆ ಒಂದು ಸ್ಯಾಂಡ್‌ವಿಚ್. ಶೋಗೆ ಮುಂಚೆ ನನ್ನನ್ನು ಅರೆಗಳಿಗೆ ಒಳಗೆ ಕರೆದುಕೊಂಡು ಹೋದಳು. ಹೊರಗಿನ ಅತ್ತರಿನ ಘಮಕ್ಕೂ ಒಳಗಿನ ಹೇರ್‌ಸ್ಪ್ರೇ ಹೊಗೆಗೂ ನಡುವೆ ಒಂದೇ ಕರಿ ಪರದೆ. ಗೋಡೆಯ ಮೇಲೆ ಪ್ರತಿ ಉಡುಪಿನ ಫೋಟೊ, ಅದರ ಕೆಳಗೆ ನಂಬರು. ಈ ಹುಡುಗಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಎತ್ತರ ಹಿಮ್ಮಡಿಯ ಶೂಗಳ ಅಟ್ಟೆಗೆ ಟೇಪು ಅಂಟಿಸುತ್ತಿದ್ದಳು.

“ಇದ್ಯಾಕವ್ವ?”

“ಶೂ ನಮ್ಮವಲ್ಲ ಮಾಮಾ, ಅಂಗಡಿಯವು. ಗೀರು ಬಿದ್ರ ವಾಪಸ್ ತಗೊಳ್ಳಂಗಿಲ್ಲ. ಶೋ ಮುಗದಮ್ಯಾಲೆ ಟೇಪ್ ಕಿತ್ತು ಕೊಟ್ಟು ಬರೋದು.”

ಅಳತೆ ದೊಡ್ಡದಾದ ಶೂವಿನ ತುದಿಗೆ ಟಿಶ್ಯೂ ಕಾಗದ ತುರುಕಿ, ಚಿಕ್ಕದಾದದ್ದಕ್ಕೆ ದೇವರ ಮೇಲೆ ಭಾರ ಹಾಕಿ, ಅವಳು ಒಂದೊಂದನ್ನೇ ನಂಬರಿನ ಪ್ರಕಾರ ಸಾಲಾಗಿ ಇಟ್ಟಳು. ಮಾಡೆಲ್‌ಗಳು ರ‍್ಯಾಂಪಿನ ಮೇಲೆ ಯಾಕೆ ನಗುವುದಿಲ್ಲ ಎಂಬ ಬಗ್ಗೆ ದೊಡ್ಡ ದೊಡ್ಡ ಲೇಖನಗಳಿವೆ. ಎರಡು ಸೈಜು ಚಿಕ್ಕ ಶೂ ಹಾಕಿಕೊಂಡು ನಡೆಯುವವರನ್ನು ಮೊದಲು ಮಾತಾಡಿಸಿ ಆ ಲೇಖನ ಬರೆಯಬಹುದಿತ್ತು.

“ಮಾಮಾ, ನೀ ಹೋಗಿ ಹಿಂದ ನಿಂದ್ರು. ಯಾರರ ಏನರ ಕೇಳಿದ್ರ ನಕ್ಕೋತ ತಲಿ ಅಲ್ಲಾಡಸು, ಸಾಕು” ಎಂದು ನನ್ನನ್ನು ಹೊರಗೆ ಸಾಗಹಾಕಿದಳು. ಆ ಲೋಕದ ಬಗ್ಗೆ ಇಷ್ಟು ಚೊಕ್ಕ ಮಾರ್ಗದರ್ಶನ ಯಾವ ಪುಸ್ತಕದಲ್ಲೂ ಇಲ್ಲ.

ಹಿಂದೆ ನಿಂತವನಿಗೆ ಕಾಣುವುದು ತಲೆಗಳು ಮತ್ತು ಎತ್ತಿಹಿಡಿದ ಫೋನುಗಳು. ಹಾಗೇ ನಿಂತಿರುತ್ತಿದ್ದೆ. ಆದರೆ ಶೋ ಶುರುವಾಗಲು ಇನ್ನೇನು ಎರಡು ನಿಮಿಷ ಇದೆ ಎನ್ನುವಾಗ ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡ ಹುಡುಗಿಯೊಬ್ಬಳು ನನ್ನ ತೋಳು ಹಿಡಿದಳು. ಮೊದಲ ಸಾಲಿನಲ್ಲಿ ಯಾರೋ ಬಂದಿಲ್ಲ; ಖಾಲಿ ಕುರ್ಚಿ ಫೋಟೊದಲ್ಲಿ ಹಲ್ಲು ಬಿದ್ದಂತೆ ಕಾಣುತ್ತದೆ; ತುಂಬಿಸಬೇಕು. ನರೆತ ಗಡ್ಡ, ಖಾದಿ ಜುಬ್ಬ, ಕಾಲಿಗೆ ಅಥಣಿಯಲ್ಲಿ ಮಾಡಿಸಿದ ಚಪ್ಪಲಿ. ಮೂರೂ ಸೇರಿ ನಾನು ಹಳೆಯ ಕಲಾವಿದನೋ ತುಂಬ ಶ್ರೀಮಂತನೋ ಇರಬೇಕು ಎಂದು ಅವಳಿಗೆ ಅನ್ನಿಸಿರಬೇಕು. ಈ ಕಸುಬಿನಲ್ಲಿ ಅದು ಮಾಮೂಲಂತೆ. ಗಣ್ಯರು ಗೈರಾದರೆ ಅವರ ಜಾಗಕ್ಕೆ ನಗಣ್ಯರನ್ನು ಕೂರಿಸುವುದು. ಕುರ್ಚಿಯ ಮೇಲಿದ್ದ ಹೆಸರಿನ ಚೀಟಿಯನ್ನು ಅವಳು ಕಿತ್ತು ಜೇಬಿಗೆ ಹಾಕಿಕೊಂಡಳು. ನಾನು ಯಾರ ಬದಲಿಗೆ ಗಣ್ಯನಾದೆ ಎಂಬುದು ಇವತ್ತಿಗೂ ಗೊತ್ತಿಲ್ಲ.

ಕೂತು, ಅಭ್ಯಾಸದಂತೆ ಕಾಲ ಮೇಲೆ ಕಾಲು ಹಾಕಿದೆ. ರ‍್ಯಾಂಪಿನ ತುದಿಯಲ್ಲಿ ಮೆಟ್ಟಿಲುಮೆಟ್ಟಿಲಾಗಿ ಒಬ್ಬರ ಹೆಗಲ ಮೇಲೊಬ್ಬರು ಕ್ಯಾಮೆರಾ ಇಟ್ಟು ಕೂತಿದ್ದ ಛಾಯಾಗ್ರಾಹಕರೆಲ್ಲ ಒಂದೇ ಕೊರಳಿನಿಂದ ಕೂಗಿದರು: “ಕಾಲು ಕೆಳಗಿಡಿ, ಪ್ಲೀಸ್!” ಮೊದಲ ಸಾಲಿನವರ ಮೊಣಕಾಲು ಚಾಚಿಕೊಂಡಿದ್ದರೆ ಅದು ಮಾಡೆಲ್‌ನ ಚಿತ್ರಕ್ಕೆ ಅಡ್ಡ ಬರುತ್ತದಂತೆ. ಸಾಲು ಸಾಲೇ ಕಾಲು ಇಳಿಸಿತು. ಶಿಸ್ತೆಂದರೆ ಅದು. ಕೋಟ್ಯಧಿಪತಿಗಳಿಗೆ ಕಾಲು ಕೆಳಗಿಟ್ಟು ಸರಿಯಾಗಿ ಕೂರಿ ಎಂದು ಗದರಿಸುವ ಅಧಿಕಾರ ಈ ದೇಶದಲ್ಲಿ ಉಳಿದಿರುವುದು ಆ ಕೂಲಿ ಛಾಯಾಗ್ರಾಹಕರಿಗೆ ಮಾತ್ರ. ತೆರಿಗೆ ಇಲಾಖೆಗೂ ಇಲ್ಲ.

ಕಾಲು ಕೆಳಗಿಟ್ಟದ್ದರಿಂದ ಒಂದು ಎಡವಟ್ಟಾಯಿತು: ಚಪ್ಪಲಿ ಎಲ್ಲರ ಕಣ್ಣಿಗೆ ಬಿತ್ತು. ಪಕ್ಕದಲ್ಲಿದ್ದ ಮಹಿಳೆ, ಕತ್ತಲಲ್ಲೂ ಕಪ್ಪು ಕನ್ನಡಕ ಹಾಕಿಕೊಂಡಿದ್ದವರು, ಅದನ್ನು ಸ್ವಲ್ಪ ಹೊತ್ತು ನೋಡಿ, ನನ್ನ ಕಡೆ ಬಾಗಿ ಯಾರ ಡಿಸೈನ್ ಎಂದು ಇಂಗ್ಲಿಷಿನಲ್ಲಿ ವಿಚಾರಿಸಿದರು.

“ಅಥಣಿ” ಎಂದೆ.

“ಓ! ಅವರ ಕೆಲಸ ನನಗೆ ತುಂಬಾ ಇಷ್ಟ” ಎಂದರು.

ತಂಗಿಯ ಮಗಳ ಉಪದೇಶ ನೆನಪಾಯಿತು. ನಕ್ಕು ತಲೆಯಾಡಿಸಿದೆ.

ದೀಪ ಆರಿತು. ಬಿಳಿ ರ‍್ಯಾಂಪಿಗೆ ಹೊದಿಸಿದ್ದ ಪ್ಲಾಸ್ಟಿಕ್ ಹಾಳೆಯನ್ನು ಇಬ್ಬರು ಹುಡುಗರು ಬಗ್ಗಿ ಓಡುತ್ತ ಸುತ್ತಿಕೊಂಡು ಹೋದರು. ಅಂದಿನ ಎಲ್ಲ ಓಟಗಳಲ್ಲಿ ಉದ್ದೇಶ ಅಂತ ಇದ್ದದ್ದು ಅದೊಂದಕ್ಕೇ. ಆಮೇಲೆ ಎದೆಗೂಡು ನಡುಗುವ ಸಂಗೀತ. ಕುರ್ಚಿಯ ಮೇಲಿಟ್ಟಿದ್ದ ದಪ್ಪ ಕಾಗದದಲ್ಲಿ ಸಂಗ್ರಹದ ಆಶಯವನ್ನು ಬರೆದಿದ್ದರು. ಇಳಕಲ್ಲಿನ ಮಗ್ಗಗಳ ಮುಂದೆ ಕೂತು ನೇಕಾರರ ಮೌನಕ್ಕೆ ಕಿವಿಗೊಟ್ಟಾಗ ಇದು ಹುಟ್ಟಿತಂತೆ. ನನಗೆ ಗೊತ್ತಿರುವ ಇಳಕಲ್ ನೇಕಾರರು ಮೌನಿಗಳಲ್ಲ. ನೂಲಿನ ರೇಟು ಎಷ್ಟಾಗಿದೆ ಎಂದೊಮ್ಮೆ ಕೇಳಿ ನೋಡಿ. ಅಥವಾ ಪವರ್‌ಲೂಮಿನ ಸೀರೆಯನ್ನು ಕೈಮಗ್ಗದ್ದೆಂದು ಮಾರುವವರ ಸುದ್ದಿ ಎತ್ತಿ ನೋಡಿ. ಸಂಜೆಯ ಬಸ್ಸು ತಪ್ಪುತ್ತದೆ.

ಮೊದಲ ಮಾಡೆಲ್ ಬಂದಳು. ಇಳಕಲ್ ಸೀರೆಯ ಒಡಲು ಪ್ಯಾಂಟಾಗಿತ್ತು, ಸೆರಗು ತೋಳಿಲ್ಲದ ಕೋಟಾಗಿತ್ತು. ಇಲ್ಲಿ ಸ್ವಲ್ಪ ನಿಲ್ಲಬೇಕು. ಇಳಕಲ್ ಸೀರೆಯ ಜೀವ ಇರುವುದೇ ಒಡಲು ಮತ್ತು ಸೆರಗು ಸೇರುವ ಜಾಗದಲ್ಲಿ. ಒಡಲಿಗೆ ಒಂದು ಹಾಸು, ಸೆರಗಿಗೆ ಇನ್ನೊಂದು ಹಾಸು. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸಿದ ಮೇಲೆ ನೇಯ್ಗೆ ಮುಂದೆ ಹೋಗಬೇಕು. ಕಣ್ಣು ಹೋಗುವ ಕೆಲಸ. ಹೆಚ್ಚಾಗಿ ಮನೆಯ ಹೆಂಗಸರ ಪಾಲಿಗೆ ಬರುವ ಕೆಲಸ. ಕೆಂಪು ಸೆರಗಿನ ಮೇಲೆ ಬಿಳಿ ತೆನೆ ಎದ್ದು ಕಾಣುವುದು ಆ ಕೊಂಡಿಯ ಪುಣ್ಯದಿಂದ. ಡಿಸೈನರ್ ಸಾಹೇಬರ ಕತ್ತರಿ ಬಿದ್ದಿದ್ದು ಸರಿಯಾಗಿ ಆ ಕೊಂಡಿಯ ಮೇಲೆ. ಒಡಲು ಒಂದು ಕಡೆ, ಸೆರಗು ಒಂದು ಕಡೆ. ಅವೆರಡನ್ನೂ ಮತ್ತೆ ಹತ್ತಿರ ತಂದದ್ದು ಒಂದು ಹಿತ್ತಾಳೆ ಜಿಪ್ಪು. ಗುಳೇದಗುಡ್ಡದ ಖಣ, ರವಿಕೆಯಾಗುವ ಯೋಗ ಕಳೆದುಕೊಂಡು, ಇನ್ನೊಬ್ಬಳ ತಲೆಯ ಮೇಲೆ ಬಕೆಟ್ಟಿನಾಕಾರದ ಟೋಪಿಯಾಗಿತ್ತು. ಕಸೂತಿಯ ಗೋಪುರಗಳು ತಲೆಕೆಳಗಾಗಿ ಒಬ್ಬ ಹುಡುಗನ ಚಡ್ಡಿಯ ಮೇಲೆ ಇಳಿಬಿದ್ದಿದ್ದವು. ಧಾರವಾಡದ ಯಾವ ಅಜ್ಜಿಯೂ ಈ ಸಾಲಿನಲ್ಲಿ ಇರಲಿಲ್ಲ ಎಂಬುದು ಸಂಘಟಕರ ಅದೃಷ್ಟ.

ಇದನ್ನು ಆಧುನಿಕತೆ ಎಂದು ಒಪ್ಪಿಕೊಳ್ಳುವುದಕ್ಕೆ ನನ್ನದೇನೂ ಅಡ್ಡಿಯಿಲ್ಲ. ಸೀರೆ ದೇವರಲ್ಲ, ಕತ್ತರಿಸಿದರೆ ಪಾಪ ಬರುವುದಿಲ್ಲ. ಹೊರದೇಶಗಳಲ್ಲಿ ಇದಕ್ಕಿಂತ ಮುಂದೆ ಹೋಗಿದ್ದಾರೆ. ಪ್ಯಾರಿಸ್ಸಿನ ಡಿಯೋರ್ ಫ್ಯಾಷನ್ ಕಂಪನಿಗೆ ಜಾನ್ ಗಲಿಯಾನೊ 2000ದಲ್ಲಿ, ಬೀದಿಯಲ್ಲಿ ಮಲಗುವವರ ಹರಕು ಬಟ್ಟೆಯಿಂದ ಸ್ಫೂರ್ತಿ ಪಡೆದು ಅತಿ ದುಬಾರಿ ಉಡುಪು ಮಾಡಿದರು. ಬಲೆನ್ಸಿಯಾಗಾ ಕಂಪನಿಯವರು 2022ರಲ್ಲಿ ಕಸದ ಚೀಲದ ಆಕಾರದ ಚರ್ಮದ ಚೀಲವನ್ನು 1,790 ಡಾಲರಿಗೆ ಮಾರಿದರು. ಬಡತನದಿಂದ ಸ್ಫೂರ್ತಿ ಪಡೆಯುವುದಕ್ಕೆ ಒಂದು ಅನುಕೂಲವಿದೆ. ಬಡವರು ರಾಯಲ್ಟಿ ಕೇಳುವುದಿಲ್ಲ.

ಶೋ ಮುಗಿಯಿತು ಎನ್ನುವಾಗ ನಮ್ಮ ದೇಶದಲ್ಲಿ ಬೇರೂರಿದ ಒಂದು ಪದ್ಧತಿ ಬರುತ್ತದೆ: ಶೋಸ್ಟಾಪರ್. ಒಬ್ಬ ನಟಿ ಬಂದು ನಡೆದು ಹೋಗುವುದು. ಅವರು ಬರುವವರೆಗೆ ಬಂದ ಮೂವತ್ತು ನಲವತ್ತು ಉಡುಪುಗಳು ಯಾರಿಗೂ ನೆನಪಿರಬಾರದು ಎಂಬುದೇ ಅದರ ಉದ್ದೇಶ. ಅವರು ಬಂದರು. ಫೋನುಗಳ ಕಾಡು ಎದ್ದಿತು. ಪಕ್ಕದ ಮಹಿಳೆ ರ‍್ಯಾಂಪಿಗೆ ಬೆನ್ನು ತಿರುಗಿಸಿ, ತಮ್ಮ ಮುಖವೂ ನಟಿಯೂ ಒಂದೇ ಚೌಕಟ್ಟಿಗೆ ಬರುವಂತೆ ಸೆಲ್ಫಿ ತೆಗೆದರು. ನಟಿ ತೊಟ್ಟಿದ್ದೇನು ಎಂದು ಆಮೇಲೆ ಕೇಳಿದ್ದರೆ ಫೋಟೊ ನೋಡಿ ಹೇಳುತ್ತಿದ್ದರು.

ಕೊನೆಗೆ ಡಿಸೈನರ್ ಕೈಮುಗಿಯುತ್ತ ಬಂದರು. ಮೈಮೇಲೆ ಸಾದಾ ಕರಿ ಟೀ ಶರ್ಟು, ಜೀನ್ಸು. ಅಡುಗೆಯವರು ತಮ್ಮ ಅಡುಗೆ ತಿನ್ನದಿದ್ದರೆ ನಾವು ಆ ಹೋಟೆಲಿಗೆ ಹೋಗುತ್ತೇವೆಯೇ? ಹೋಗಲಿ. ಅವರು ಒಬ್ಬ ನೇಕಾರರ ಕೈಹಿಡಿದು ಕರೆತಂದಿದ್ದರು. ಇಸ್ತ್ರಿ ಗೆರೆ ಇನ್ನೂ ಮುರಿಯದ ಹೊಸ ಜುಬ್ಬ, ಬಿಳಿ ಟೋಪಿ. ಆ ಹಿರಿಯರು ದೀಪಕ್ಕೆ ಕಣ್ಣು ಕಿರಿದು ಮಾಡಿ ಎಲ್ಲಿ ನೋಡಬೇಕೆಂದು ತಿಳಿಯದೆ ನೆಲ ನೋಡಿದರು. ಚಪ್ಪಾಳೆ ಜೋರಾಯಿತು; ಕೆಲವರು ಎದ್ದು ನಿಂತರು. ಅರ್ಧ ನಿಮಿಷದಲ್ಲಿ ಅವರನ್ನು ಮತ್ತೆ ಒಳಗೆ ಕರೆದೊಯ್ದರು.

ತಂಗಿಯ ಮಗಳನ್ನು ಕೇಳಿದೆ: “ಅವರು ಶೋ ಎಲ್ಲಿಂದ ನೋಡಿದ್ರು?”

“ಎಲ್ಲಿ ನೋಡೋದು ಮಾಮಾ? ಒಳಗ ನಮ್ಮ ಕೂಡ ಪ್ಲಾಸ್ಟಿಕ್ ಸ್ಟೂಲ್ ಮ್ಯಾಲೆ ಕುಂತಿದ್ರು. ಶೂ ಸಾಲಿಗೆ ಇಡಾಕ ಕೈ ಹಚ್ಚಿದ್ರು ಪಾಪ.”

ಮೊದಲ ಸಾಲಿನ ಖಾಲಿ ಕುರ್ಚಿಯನ್ನು ತುಂಬಿಸಲು ಗುರುತಿಲ್ಲದ ಒಬ್ಬ ಗಡ್ಡದವನನ್ನು ಹಿಂದಿನ ಗೋಡೆಯಿಂದ ಎಳೆತರಬೇಕಾಗಿತ್ತು. ಪರದೆಯಿಂದ ಹತ್ತು ಹೆಜ್ಜೆ ದೂರದಲ್ಲಿ ಆ ಸೀರೆ ನೇಯ್ದ ಮನುಷ್ಯ ಕೂತಿದ್ದರು. ಹೆಡ್‌ಸೆಟ್ ಹುಡುಗಿಯ ತಪ್ಪೇನಿಲ್ಲ. ಅವಳ ಪಟ್ಟಿಯಲ್ಲಿ ನೇಕಾರರ ಹೆಸರು ‘ಅತಿಥಿ’ಗಳ ಕೆಳಗಲ್ಲ, ‘ಕ್ಯೂ’ಗಳ ಕೆಳಗೆ ಇತ್ತು. ಯಾವ ಹಾಡಿಗೆ ಯಾರು ಒಳಗೆ ಬರಬೇಕು ಎಂಬ ಪಟ್ಟಿ ಅದು.

ಮಾಡಿದವರನ್ನು ಅರ್ಧ ನಿಮಿಷ ಕರೆತಂದು ತೋರಿಸುವ ತೊಂದರೆಯನ್ನೂ ಮಿಲಾನಿನವರು ತೆಗೆದುಕೊಳ್ಳಲಿಲ್ಲ. 2025ರ ಜೂನಿನಲ್ಲಿ ಪ್ರಾಡಾ ಕಂಪನಿ ಅಲ್ಲಿ ಗಂಡಸರ ಬೇಸಿಗೆ ಉಡುಪಿನ ಶೋ ಮಾಡಿತು. ಮಾಡೆಲ್‌ಗಳ ಕಾಲಲ್ಲಿ ಇದ್ದದ್ದು ನಾನು ಮುಂಬೈಯಲ್ಲಿ ಮೆಟ್ಟಿ ಕೂತ ಚಪ್ಪಲಿಯ ಒಡಹುಟ್ಟಿದವು. ಕಂಪನಿಯ ವಿವರಣೆಯಲ್ಲಿ ಇದ್ದದ್ದು ‘ಚರ್ಮದ ಸ್ಯಾಂಡಲ್’ ಅಷ್ಟೇ. ಕೊಲ್ಲಾಪುರ ಇಲ್ಲ, ಅಥಣಿಯ ಮಾತಂತೂ ದೂರ. ಇಲ್ಲಿ ಗದ್ದಲವೆದ್ದ ಮೇಲೆ, ಇದು ಭಾರತದ ಕರಕುಶಲ ಪಾದರಕ್ಷೆಯಿಂದ ಸ್ಫೂರ್ತಿ ಪಡೆದದ್ದು ಎಂದು ಒಪ್ಪಿಕೊಂಡಿತು. ಬಾಂಬೆ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿಯೂ ಹೋಯಿತು. ಕೊಲ್ಲಾಪುರಿ ಎಂಬ ಹೆಸರಿನ ನೋಂದಣಿ ನಿಮ್ಮದಲ್ಲ, ಕೇಳುವುದಕ್ಕೆ ನೀವ್ಯಾರು ಎಂಬ ಅರ್ಥದಲ್ಲಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು.

ನೋಂದಣಿ ಯಾರದು ಎಂಬುದು ಒಂದು ಸ್ವಾರಸ್ಯ. 2019ರಲ್ಲಿ ಕೊಲ್ಲಾಪುರಿ ಚಪ್ಪಲಿಗೆ ಸಿಕ್ಕ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಎಂಟು ಜಿಲ್ಲೆಗಳದ್ದು. ನಾಲ್ಕು ಮಹಾರಾಷ್ಟ್ರದವು, ನಾಲ್ಕು ನಮ್ಮವು: ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ. ಒಡೆತನ ಎರಡು ರಾಜ್ಯಗಳ ಚರ್ಮೋದ್ಯಮ ನಿಗಮಗಳದ್ದು, ಅಲ್ಲಿಯ ಲಿಡ್ಕಾಮ್, ಇಲ್ಲಿಯ ಲಿಡ್ಕರ್. ಗಡಿಯ ಬಗ್ಗೆ ಇಷ್ಟು ವರ್ಷ ಒಂದು ಮಾತಿಗೂ ಒಪ್ಪದ ಎರಡು ಸರ್ಕಾರಗಳು ಚಪ್ಪಲಿಯಲ್ಲಿ ಪಾಲುದಾರರು. ಎಡಗಾಲು ಅವರದು, ಬಲಗಾಲು ನಮ್ಮದು ಎಂದು ಇನ್ನೂ ಯಾರೂ ದಾವೆ ಹೂಡಿಲ್ಲ. ಇಟಲಿಯ ಮೇಲೆ ಸಿಟ್ಟು ಬಂದಾಗ ಮಾತ್ರ ನಮಗೆ ನಮ್ಮ ನಾಲ್ಕು ಜಿಲ್ಲೆಗಳ ನೆನಪಾಯಿತು. ಸಚಿವ ಪ್ರಿಯಾಂಕ್ ಖರ್ಗೆಯವರು ಅಥಣಿ, ನಿಪ್ಪಾಣಿಗಳ ಹೆಸರು ಎತ್ತಿ ಹೇಳಿದಾಗ, ಅಥಣಿಯಲ್ಲಿ ಚಪ್ಪಲಿ ಮಾಡುತ್ತಾರೆಂದು ಬೆಂಗಳೂರಿನ ಎಷ್ಟೋ ಜನ ಮೊದಲ ಬಾರಿಗೆ ಕೇಳಿದರು. ಮಿಲಾನಿನವರು ಹೆಸರು ಮರೆತದ್ದು ಒಂದು ಋತುವಿನ ಮಟ್ಟಿಗೆ. ನಾವು ಎಷ್ಟು ಕಾಲದಿಂದ ಮರೆತಿದ್ದೆವು?

ನಮ್ಮ ಮರೆವಿಗೆ ಇತಿಹಾಸದ ಬಲವೂ ಇದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯ, ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಚಮ್ಮಾವುಗೆ ಮಾಡಿಕೊಟ್ಟರೆಂದೂ, ಬಸವಣ್ಣನವರು ಅದನ್ನು ಕಾಲಿಗೆ ಮೆಟ್ಟದೆ ತಲೆಯ ಮೇಲೆ ಹೊತ್ತರೆಂದೂ ನಾವು ಭಾಷಣಗಳಲ್ಲಿ ಹೇಳುತ್ತೇವೆ, ಕೇಳುತ್ತೇವೆ, ಕಣ್ಣೊರೆಸಿಕೊಳ್ಳುತ್ತೇವೆ. ಹರಳಯ್ಯನವರನ್ನು ಮುಂದೆ ಮಗನ ಮದುವೆಯ ವಿಷಯದಲ್ಲಿ ಪಂಕ್ತಿ ದಾಟಿದ್ದಕ್ಕೆ ಆನೆಯ ಕಾಲಿಗೆ ಕಟ್ಟಿಸಿ ಎಳೆಸಿದರು ಎಂಬ ಭಾಗಕ್ಕೆ ಬರುವಷ್ಟರಲ್ಲಿ ಭಾಷಣದ ಸಮಯ ಮುಗಿದಿರುತ್ತದೆ.

2025ರ ಡಿಸೆಂಬರಿನಲ್ಲಿ ಪ್ರಾಡಾ ಆ ಎರಡು ಚರ್ಮೋದ್ಯಮ ನಿಗಮಗಳ ಜೊತೆ ಒಪ್ಪಂದ ಮಾಡಿಕೊಂಡಿತು. ಇಲ್ಲಿಯೇ ತಯಾರಾಗುವ 2,000 ಜೊತೆ ಚಪ್ಪಲಿ, ಒಂದು ಜೊತೆಗೆ ಸುಮಾರು 800 ಯೂರೊ. ನಮ್ಮ ಲೆಕ್ಕದಲ್ಲಿ 80 ಸಾವಿರ ರೂಪಾಯಿಗೂ ಮೇಲೆ. ಪತ್ರಿಕೆಗಳು ಇದನ್ನು ಗೆಲುವು ಎಂದು ಬರೆದವು. ಇರಬಹುದು. ಸಾವಿರ ರೂಪಾಯಿ ಆಚೆ ಈಚೆ ಚೌಕಾಶಿಯಾಗುವ ವಸ್ತು ಅದು. ಸಂತೆಯಲ್ಲಿ ನಾವೇ ಐವತ್ತು ರೂಪಾಯಿ ಬಿಡಿಸಿಕೊಂಡು ಬಂದು ಮನೆಯಲ್ಲಿ ಹೆಮ್ಮೆಯಿಂದ ಹೇಳಿಕೊಂಡವರು.

ಅಥಣಿಯಲ್ಲಿ ನನಗೆ ಚಪ್ಪಲಿ ಮಾಡಿಕೊಡುವ ಹಿರಿಯರಿಗೆ ಈ ರೇಟು ಹೇಳಿದೆ. ಬಾಗಿಲಿಗೆ ಬೆನ್ನು ಕೊಟ್ಟು ಅವರ ಹೆಂಡತಿ ಚರ್ಮದ ಎಳೆಗಳನ್ನು ಜಡೆ ಹೆಣೆಯುತ್ತಿದ್ದರು. ಪಟ್ಟಿಯ ಮೇಲೆ ಕೂರುವ ಸಣ್ಣ ಹೆಣಿಕೆ ಅದು, ಹೆಂಗಸರದೇ ಕೈಗೆಲಸ. ಅವರು ಕತ್ತೆತ್ತಲಿಲ್ಲ. ಈ ಮನುಷ್ಯ ಉಳಿ ಕೆಳಗಿಟ್ಟು, ಎಂಬತ್ತು ಸಾವಿರ ಎಂಬುದನ್ನು ಇನ್ನೊಮ್ಮೆ ಹೇಳಿಸಿಕೊಂಡರು. ಎಷ್ಟು ಮಂದಿ ಎಂದರು. ಎರಡು ಸಾವಿರ ಮಂದಿ ಎಂದೆ. ಬೆರಳಿನಲ್ಲಿ ಏನೋ ಲೆಕ್ಕ ಹಾಕಿದರು. ಆಮೇಲೆ ವ್ಯಾಪಾರದ ದನಿಯಲ್ಲಿ ವಿಚಾರಿಸಿದರು:

“ಅಲ್ರಿ ಸಾಹೇಬ್ರ, ಉಂಗುಷ್ಠ ಹರಿದ್ರ ರಿಪೇರಿಗೆ ಅವ್ರು ಇಲ್ಲಿಗೇ ಬರ್ತಾರೇನ್ರಿ?”